ತೂತಿಲ್ಲದ ಬಿಲ್ಲೆ

ಹುಕ್ಕೇರಿಯಿಂದ ಮಾಸ್ತರರು ನನಗೆ ಬರೆಯುತ್ತಿದ್ದ ಕಾರ್ಡುಗಳು ಹೇಗೇ ಶುರುವಾಗಲಿ, ಮುಗಿಯುತ್ತಿದ್ದುದು ಒಂದೇ ಸಾಲಿನಿಂದ: ‘ಮೊಣಕಾಲು ಹೇಗಿದೆ?’ ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ, ಇವತ್ತಿಗೂ ಆಗಿಲ್ಲ. ಆದರೆ ನಮ್ಮ ಓಣಿಯ ಟಪಾಲಿನವನಿಗೆ ಕಾರ್ಡು ಕೊಡುವ ಮೊದಲು ಓದುವ ಚಟ. ಬಾಗಿಲಲ್ಲಿ ನಿಂತು, ‘ಡ್ರಾಯಿಂಗ ಮಾಸ್ತರ, ಮಣಕಾಲ ಬ್ಯಾನಿ ಇನ್ನಾ ಹೋಗಿಲ್ಲೇನ್ರಿ? ಔಡಲೆಣ್ಣಿ ತಿಕ್ಕರಿ’ ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿ ಹೋಗುತ್ತಿದ್ದ. ಏಳು ವರ್ಷ ಹೀಗೆ ನಡೆಯಿತು. ಗೋಕಾಕದ ಅರ್ಧ ಜನಕ್ಕೆ ನಾನು ಕುಂಟ ಎಂದೇ ನಂಬಿಕೆ. ನೆಟ್ಟಗೆ ನಡೆದರೆ ‘ಇವತ್ತ ಬರೊಬ್ಬರಿ ಅದಾರ’ ಎನ್ನುತ್ತಾರೆ.

ಹೋದ ತಿಂಗಳು ಬಂದ ಕಾರ್ಡಿನಲ್ಲಿ ಆ ಸಾಲು ಇರಲಿಲ್ಲ. ಅಕ್ಷರವೂ ಅವರದಲ್ಲ. ಟಪಾಲಿನವನು ಏನೂ ಮಾತಾಡದೆ ಕಾರ್ಡು ಕೈಗಿಟ್ಟು ಹೋದಾಗಲೇ ಮಾಸ್ತರರು ತೀರಿಕೊಂಡರೆಂದು ನನಗೆ ತಿಳಿಯಬೇಕಿತ್ತು.

ಅವರು ನಮ್ಮ ಹೈಸ್ಕೂಲಿನ ಸೈನ್ಸ್ ಮಾಸ್ತರರು. ನಾನು ಚಿತ್ರಕಲೆಯವನು, ಅವರಿಗಿಂತ ಹದಿನೈದು ವರ್ಷ ಚಿಕ್ಕವನು. ಇಬ್ಬರಿಗೂ ಸೇರಿ ಒಂದೇ ಖೋಲಿ ಕೊಟ್ಟಿದ್ದರು. ಅರ್ಧದಲ್ಲಿ ಅವರ ಬಾಟಲಿಗಳು, ಅರ್ಧದಲ್ಲಿ ನನ್ನ ಬಣ್ಣಗಳು. ಅವರು ಆಳು ಸಣಕಲು, ಮೀಸೆ ಮಾತ್ರ ಇಬ್ಬರಿಗೆ ಸಾಕಾಗುವಷ್ಟು. ಬೆಳಿಗ್ಗೆ ಕರ‍್ರಗಿರುತ್ತಿದ್ದ ಮೀಸೆ ನಾಲ್ಕನೆಯ ಪಿರಿಯಡ್ಡಿನ ಹೊತ್ತಿಗೆ ಬೋರ್ಡಿನ ಮೇಲೆ ಬರೆಯುವ ಖಡುವಿನ ಪುಡಿ ಕೂತು ಬೆಳ್ಳಗಾಗುತ್ತಿತ್ತು. ಹುಡುಗರು ಆ ಮೀಸೆಯನ್ನು ನೋಡಿಯೇ ಪರೀಕ್ಷೆ ಪಾಸಾಗುತ್ತಿದ್ದರು. ಉತ್ತರ ಸರಿಯಿದ್ದರೆ ಅವರ ಕೈ ಎಡಮೀಸೆಗೆ ಹೋಗುತ್ತಿತ್ತು, ತಪ್ಪಿದ್ದರೆ ಬಲಮೀಸೆಗೆ. ಜಾಣ ಹುಡುಗನೊಬ್ಬ ಉತ್ತರ ಹೇಳುತ್ತಾ ಹೇಳುತ್ತಾ, ಬಲಮೀಸೆಗೆ ಕೈ ಹೋದದ್ದು ಕಂಡ ಕೂಡಲೆ ಹೈಡ್ರೋಜನ್ ಬಿಟ್ಟು ಆಕ್ಸಿಜನ್ನಿಗೆ ಹೊರಳುತ್ತಿದ್ದ. ಈ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಅವರೊಬ್ಬರಿಗೆ ಗೊತ್ತಿರಲಿಲ್ಲ.

ಏನನ್ನಾದರೂ ‘ಆಗುವುದಿಲ್ಲ’ ಎಂದು ಯಾರಾದರೂ ಹೇಳಿದರೆ ಅವರದು ಒಂದೇ ಮಾತು: ‘ಆಗೂದಿಲ್ಲ ಅಂತ ಯಾರ ಹೇಳ್ಯಾರ? ಅವರ ವಿಳಾಸ ಕೊಡ್ರಿ.’ ಇದು ಬರೀ ಮಾತಲ್ಲ. ವಿಳಾಸ ಕೊಟ್ಟರೆ ನಿಜವಾಗಿಯೂ ಕಾರ್ಡು ಬರೆಯುತ್ತಿದ್ದರು. ಬೆಳಗಾವಿಯ ಡಾಕ್ಟರರೊಬ್ಬರಿಗೆ ಬೋಳುತಲೆಯಲ್ಲಿ ಕೂದಲು ಯಾಕೆ ಹುಟ್ಟುವುದಿಲ್ಲ ಎಂದು ಮೂರು ಕಾರ್ಡು ಬರೆದು, ನಾಲ್ಕನೆಯದಕ್ಕೆ ಉತ್ತರ ತರಿಸಿಕೊಂಡರು. ಉತ್ತರ ಏನಿತ್ತೋ, ನಮಗೆ ತೋರಿಸಲಿಲ್ಲ.

ಅವರ ಜೀವನದ ದೊಡ್ಡ ಹುಚ್ಚು ಶುರುವಾದದ್ದು ಶೇಂಗಾದಿಂದ. ನಮ್ಮ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾಗಿತ್ತು. ಸಂತೆಯಲ್ಲಿ ಹುರಿದ ಶೇಂಗಾ ಕೊಂಡಾಗ ಪೊಟ್ಟಣ ಕಟ್ಟಿದ ಹಾಳೆ ಯಾವುದೋ ಪರದೇಶದ ವಿಜ್ಞಾನ ಪತ್ರಿಕೆಯದಾಗಿತ್ತು. ಶೇಂಗಾವನ್ನು ನನ್ನ ಕಿಸೆಗೆ ಸುರಿದು, ನಿಂತಲ್ಲೇ ಓದಿದರು. ಬೆಂಕಿಯಿಂದ ಎಂಜಿನ್ನೂ ಇಲ್ಲದೆ, ಚಕ್ರವೂ ಇಲ್ಲದೆ, ನೇರವಾಗಿ ವಿದ್ಯುತ್ತು ತೆಗೆಯುವ ವಿಷಯ ಅದು. ಒಂದು ಕಡೆ ಇದ್ದಿಲ ಹೊಗೆ, ಇನ್ನೊಂದು ಕಡೆ ಗಾಳಿ, ನಡುವೆ ಸುಟ್ಟ ಮಣ್ಣಿನ ತೆಳುವಾದ ಗೋಡೆ. ಗೋಡೆ ಕೆಂಪಗೆ ಕಾದಾಗ ಗಾಳಿಯಲ್ಲಿರುವ ಆಮ್ಲಜನಕ ಗೋಡೆಯ ಒಳಗಿಂದಲೇ ನುಸುಳಿ ಆಚೆ ಹೋಗುತ್ತದೆ. ಹೋಗುವಾಗ ವಿದ್ಯುತ್ತು ಹುಟ್ಟುತ್ತದೆ. ‘ಆ ಗೋಡೆ ಅತಿ ತೆಳುವಾಗಿರಬೇಕು, ಒಂದು ತೂತೂ ಇರಕೂಡದು, ಇದನ್ನು ಸಾಧಿಸಲು’ ಎನ್ನುವಲ್ಲಿಗೆ ಹಾಳೆ ಮುಗಿದಿತ್ತು.

ಮುಂದಿನ ಹಾಳೆ ಬೇರೆ ಯಾರದೋ ಶೇಂಗಾದ ಜೊತೆ ಹೋಗಿಬಿಟ್ಟಿತ್ತು. ಮಾಸ್ತರರು ಆರು ಸಂತೆ ಬಿಡದೆ ಅದೇ ಅಂಗಡಿಯಲ್ಲಿ ಶೇಂಗಾ ಕೊಂಡರು. ಹಾಳೆ ಸಿಗಲಿಲ್ಲ, ಪಿತ್ತ ಏರಿತು. ಆಮೇಲೆ ‘ಸಾಧಿಸಲು ಏನ ಮಾಡಬೇಕ ಅನ್ನೂದು ನಾವ ಕಂಡಹಿಡಿಯೂಣು, ತಮ್ಮಾ’ ಎಂದರು. ‘ನಾವು’ ಎಂಬ ಮಾತಿನೊಳಗೆ ನನ್ನನ್ನೂ ಸೇರಿಸಿದ್ದು ನನಗೆ ಹಿಡಿಸಲಿಲ್ಲ. ಆದರೆ ಕಿಸೆಯಲ್ಲಿ ಅವರ ಶೇಂಗಾ ಇತ್ತು, ತಿನ್ನುತ್ತಾ ತಲೆಯಾಡಿಸಿದೆ.

ಗೋಡೆ ಯಾಕೆ ತೆಳುವಾಗಬೇಕು, ಯಾಕೆ ತೂತಿರಬಾರದು ಎಂದು ನಾನು ಕೇಳಿದೆ. ‘ಎರಡೂ ಕಡಿ ಬೀಗರ ನಡುವ ಒಬ್ಬ ಹಿರ‍್ಯಾ ಕುಂತಿರತಾನ ನೋಡ. ಅಂವ ಮಾತ ದಾಟಸಬೇಕು, ಬೈಗಳ ದಾಟಸಬಾರದು. ಭಾಳ ದಪ್ಪ ಇದ್ರ ಮಾತೂ ದಾಟೂದಿಲ್ಲ. ತೂತ ಇದ್ರ ಬೈಗಳ ದಾಟಿ ಅಲ್ಲೇ ಬೆಂಕಿ ಹತ್ತತೈತಿ, ಲಗ್ನ ಮುರೀತೈತಿ’ ಎಂದರು. ಇಷ್ಟು ಚೆನ್ನಾಗಿ ವಿಜ್ಞಾನವನ್ನು ನನಗೆ ಮತ್ತೆ ಯಾರೂ ಹೇಳಿಕೊಟ್ಟಿಲ್ಲ.

ಸಾಮಾನು ಒಂದೊಂದಾಗಿ ಕೂಡಿತು. ಚಹಾದ ಕಪ್ಪುಬಸಿ ಮಾಡುವ ಕಾರ್ಖಾನೆಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಜಿರ್ಕೋನಿಯಾ ಎಂಬ ಬಿಳಿ ಪುಡಿಯನ್ನು ಒಂದು ಡಬ್ಬಿ ಕಳಿಸಿದ. ಅದಕ್ಕೆ ಬಿಳಿ ಜೇಡಿ, ಬಟ್ಟೆ ಒಗೆಯುವ ಸೋಡಾ. ಅಂಟು ನನ್ನ ಪಾಲಿಗೆ ಬಂತು. ನಮ್ಮದು ಗೋಕಾಕದ ಕಟ್ಟಿಗೆಯ ಗೊಂಬೆಗಳಿಗೆ ಬಣ್ಣ ಹಾಕುವ ಮನೆತನ. ಹುಣಸೆಬೀಜ ನೆನೆಸಿ, ಅರೆದು, ಕುದಿಸಿ ಅಂಟು ಮಾಡುವುದು ನನಗೆ ಅಕ್ಷರಕ್ಕಿಂತ ಮೊದಲೇ ಬರುತ್ತಿತ್ತು. ಇದೆಲ್ಲವನ್ನೂ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮಲ್ಲಿನ ಅರಿವೆಯಲ್ಲಿ ಸೋಸಿದೆವು. ಗಾಜಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಪೋಸ್ಟ್ ಕಾರ್ಡು ಇಟ್ಟು, ನಡುವೆ ಹಿಟ್ಟು ಸುರಿದು, ಕಾರ್ಡುಗಳ ಮೇಲೆ ರೂಲರು ಹಾಯಿಸಿ ಎಳೆದರೆ ಕಾರ್ಡಿನಷ್ಟೇ ತೆಳುವಾದ ಪದರು. ಅರ್ಧ ಒಣಗಿದ ಮೇಲೆ ನಶ್ಯದ ಡಬ್ಬಿಯ ಮುಚ್ಚಳದಿಂದ ಒತ್ತಿ ಬಿಲ್ಲೆ ತೆಗೆದು, ನೆರಳಲ್ಲಿ ಒಣಗಿಸಿ, ಕುಂಬಾರನ ಆವಿಗೆಯಲ್ಲಿ ಸುಡಿಸುವುದು.

ಗಾಜು ಎಲ್ಲಿಯದು ಎಂದು ನಾನು ಕೇಳಿರಲಿಲ್ಲ. ಅವರ ಮನೆಯವರು, ಅಂದರೆ ನಾನು ವೈನಿ ಎಂದು ಕರೆಯುತ್ತಿದ್ದ ಶಾಂತವ್ವ, ಮೂರನೆಯ ದಿನ ಖೋಲಿಗೇ ಬಂದು ನಿಂತರು. ಮೂಡಲಗಿಯ ಮನೆಯ ಮಗಳು. ಮಾತು ಕಡಿಮೆ, ಆಡಿದರೆ ಗುರಿಗೇ ತಾಗುತ್ತಿತ್ತು.

‘ನಮ್ಮ ಲಗ್ನದ ಫೋಟೊದ ಗಾಜ ಎಲ್ಲೈತ್ರಿ?’

‘ಇಲ್ಲೇ ಐತಿ. ದೇಶದ ಕೆಲಸಕ್ಕ ಹತ್ತೇತಿ’ ಎಂದರು ಮಾಸ್ತರರು.

‘ಮತ್ತ ನಮ್ಮಪ್ಪ ಬರದ ಕಾರ್ಡ?’

ಹಿಟ್ಟು ಮೆತ್ತಿದ ಎರಡು ಕಾರ್ಡುಗಳು ಮೇಜಿನ ಮೇಲೇ ಇದ್ದವು. ಮಾವ ಬರೆದ ಅಕ್ಷರ ಅರ್ಧ ಕಾಣುತ್ತಿತ್ತು. ವೈನಿ ಅವನ್ನು ಒಮ್ಮೆ, ಗಂಡನನ್ನು ಒಮ್ಮೆ ನೋಡಿ, ‘ಅವೂ ದೇಶದ ಕೆಲಸಕ್ಕ ಹತ್ಯಾವು ಅನ್ರಿ’ ಎಂದು ಹೋದರು. ಮಾಸ್ತರರ ಕೈ ತಾನಾಗಿ ಬಲಮೀಸೆಗೆ ಹೋಯಿತು.

ಬಿಲ್ಲೆಗಳು ಒಡೆಯುತ್ತಿದ್ದವು. ಒಡೆಯದಿದ್ದರೆ ಸೊಟ್ಟಗಾಗುತ್ತಿದ್ದವು. ನೆಟ್ಟಗೆ ಬಂದರೆ ತೂತಾಗುತ್ತಿದ್ದವು. ತೂತು ಕಣ್ಣಿಗೆ ಕಾಣುವುದಲ್ಲ. ಬಿಲ್ಲೆಯ ಮೇಲೆ ಒಂದು ಹನಿ ಮಸಿ ಬಿಟ್ಟು, ತುಸು ಹೊತ್ತು ಕಾದು, ಮಗುಚಿ ನೋಡಬೇಕು. ಕೆಳಗೆ ನೀಲಿ ಚುಕ್ಕೆ ಬಂದಿದ್ದರೆ ಆ ಬಿಲ್ಲೆ ಹೋಯಿತು. ಪ್ರತಿ ಸಲವೂ ಚುಕ್ಕೆ ಬರುತ್ತಿತ್ತು. ಹಿಟ್ಟಿನೊಳಗಿನ ಗಾಳಿಯ ಗುಳ್ಳೆ ಸುಡುವಾಗ ತೂತಾಗಿ ಉಳಿಯುತ್ತಿತ್ತು. ಕುಂಬಾರ ಭರಮಪ್ಪ ಬೇಸತ್ತು, ‘ಮಾಸ್ತರ, ಮಸಿ ಸುರಿಯಾಕ ಇಷ್ಟ ಮಾಡಬೇಕೇನ್ರಿ? ನನ್ನ ಗಡಿಗಿ ಮ್ಯಾಲ ಸುರೀರಿ’ ಎಂದ.

ಶಾಲೆಯಲ್ಲಿ ಅವರಿಗೆ ‘ಹಪ್ಪಳದ ಮಾಸ್ತರ’ ಎಂಬ ಹೆಸರು ಬಿತ್ತು. ಹೆಡ್ ಮಾಸ್ತರರಿಗೆ ಮೊದಲೇ ಅಸಮಾಧಾನ. ಕರೆಂಟು ಹರಿದರೆ ಮುಳ್ಳು ಸರಿಯುವ ಗ್ಯಾಲ್ವನೋಮೀಟರು ಶಾಲೆಗೆ ಇದ್ದದ್ದು ಒಂದೇ. ಅದನ್ನು ಕಪಾಟಿನಲ್ಲಿಟ್ಟು ಕೀಲಿಯನ್ನು ತಮ್ಮ ಗಡಿಯಾರದ ಸರಪಳಿಗೆ ಕಟ್ಟಿಕೊಂಡಿದ್ದರು. ಒಂದು ದಿನ ಎಲ್ಲ ಮಾಸ್ತರರ ಎದುರಿಗೆ, ‘ನಮ್ಮೂರಾಗ ನೀರ ಬಿದ್ದ ಕರೆಂಟ ಆಗತೈತಿ. ನಿಮಗ ಬೆಂಕಿ ಯಾಕ ಬೇಕ್ರಿ?’ ಎಂದು ಕೇಳಿದರು.

‘ತುಕ್ಕಾನಟ್ಟಿಯಂಥಾ ಒಣ ಊರಾಗ ನೀರ ಎಲ್ಲಿ ಬೀಳತೈತಿ ಹೇಳ್ರಿ. ಇದ್ದಲಿ ಎಲ್ಲಾ ಊರಾಗ ಐತಿ.’

‘ಮಣ್ಣಿನ ಹಪ್ಪಳದಾಗ ಕರೆಂಟ ಬರೂದಿಲ್ಲ.’

‘ಯಾರ ಹೇಳ್ಯಾರ? ಅವರ ವಿಳಾಸ ಕೊಡ್ರಿ.’

‘ನಾನ ಹೇಳೇನಿ. ವಿಳಾಸ ಇದ ಸಾಲಿ.’

ಎಲ್ಲರೂ ನಕ್ಕರು. ಮಾಸ್ತರರು ಎದ್ದು ನಿಂತರು. ಮುಂದಿನ ತಿಂಗಳು ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗ ಅವರ ಎದುರಿಗೇ ಮುಳ್ಳು ಸರಿಯುತ್ತದೆ, ಸರಿಯದಿದ್ದರೆ ಮರುದಿನವೇ ಮೀಸೆ ಬೋಳಿಸುತ್ತೇನೆ ಎಂದುಬಿಟ್ಟರು. ಖೋಲಿಗೆ ಬಂದ ಮೇಲೆ ನಾನು ಬೈದೆ. ಇದೆಲ್ಲ ಯಾಕೆ ಬೇಕಿತ್ತು, ರಿಟಾಯರ್ ಆಗಲು ಮೂರು ತಿಂಗಳು ಉಳಿದಿದೆ ಎಂದೆ. ಅವರು ಮಸಿ ಕುಡಿದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಹೇಳಿದರು: ‘ಮೂವತ್ತ ವರ್ಷ ಬ್ಯಾರೇದವರು ಕಂಡದ್ದ ಹೇಳೇನಿ, ತಮ್ಮಾ. ಒಂದ ಸರ್ತಿ ನಾ ಕಂಡದ್ದ ಹೇಳಬೇಕಂತ ಆಸೆ.’ ಆ ಹೊತ್ತಿಗೆ ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು. ಅದನ್ನು ತೋರಿಸಿಕೊಳ್ಳದೆ ಹುಣಸೆಬೀಜ ಅರೆಯಲು ಕುಳಿತೆ.

ಒಂದು ರವಿವಾರ ನಾನು ಅವರ ಮನೆಯಲ್ಲಿ ಊಟಕ್ಕಿದ್ದೆ. ಹೇಳದೆ ಕೇಳದೆ ಅಂಕಲಗಿಯಿಂದ ಅವರ ಬೀಗರು ಬಂದಿಳಿದರು. ಮಗಳನ್ನು ಕೊಟ್ಟ ಮೇಲೆ ಬೀಗರು ಬಂದದ್ದು ಅದೇ ಮೊದಲ ಸಲ. ವೈನಿ ರೊಟ್ಟಿ ಬಡಿಯುತ್ತಿದ್ದರು. ಬೀಗತಿ ಸುಮ್ಮನೆ ಕೂರುವವರಲ್ಲ. ‘ನೀವ ರೊಟ್ಟಿ ನೋಡ್ರಿ, ನಾ ಹಪ್ಪಳ ಕರೀತೇನಿ’ ಎಂದು ತಾವೇ ಮಾಳಿಗೆ ಹತ್ತಿದರು. ಮಾಳಿಗೆಯ ಮೇಲೆ ಬಿಸಿಲಿನಲ್ಲಿ ವೈನಿಯ ಉದ್ದಿನ ಹಪ್ಪಳ ಇದ್ದವು. ಬಾಜೂಕ್ಕೆ ಹೊರಸಿನ ಕೆಳಗೆ, ನೆರಳಿನಲ್ಲಿ, ಅರಿವೆ ಮುಚ್ಚಿ ಜೋಪಾನವಾಗಿಟ್ಟ ಇನ್ನೊಂದು ತಟ್ಟೆ ಇತ್ತು. ಇಷ್ಟು ಜೋಪಾನ ಮಾಡಿದ್ದಾರೆಂದರೆ ಬೀಗರಿಗಾಗಿಯೇ ಇಟ್ಟದ್ದು ಎಂದು ಬೀಗತಿ ತಿಳಿದರು. ಬೀಗತಿಯಾಗಿ ಯಾರೇ ಇದ್ದರೂ ಹಾಗೇ ತಿಳಿಯುತ್ತಿದ್ದರು.

ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು, ಮೇಲೆ ಎರಡೆರಡು ಕರಿದ ಬಿಲ್ಲೆ. ನಾನು ನೋಡಿದೆ, ಮಾಸ್ತರರು ನೋಡಿದರು. ಅವರ ಮುಖದ ಬಣ್ಣವೇ ಹೋಯಿತು. ಆದರೆ ಹೇಳುವುದು ಹೇಗೆ? ಬೀಗತಿ ಕೈಯಾರೆ ಕರಿದು, ಬಡಿಸಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಇದು ಮಣ್ಣು ಎಂದರೆ ಅವರ ಮರ್ಯಾದೆ ಹೋಗುತ್ತದೆ. ಬೀಗರ ತಾಟಿನಿಂದ ಎತ್ತಿಕೊಂಡರೆ ಮಗಳ ಸಂಸಾರಕ್ಕೇ ಕುತ್ತು. ಅಷ್ಟರಲ್ಲಿ ಬೀಗರು ಒಂದನ್ನು ಮುರಿದು ಬಾಯಿಗಿಟ್ಟೇಬಿಟ್ಟರು.

ಕರಕರ ಸದ್ದು ಬಹಳ ಹೊತ್ತು ಕೇಳಿಸಿತು. ಬೀಗರಿಗೂ ಗೊತ್ತಾಗಿತ್ತು, ಏನೋ ಸರಿಯಿಲ್ಲ ಎಂದು. ಆದರೆ ಸೊಸೆಯ ತವರಿಗೆ ಮೊದಲ ಸಲ ಬಂದವರು, ಊಟದಲ್ಲಿ ಕೊರತೆ ಎತ್ತಬಾರದೆಂದು ನಿಶ್ಚಯ ಮಾಡಿಕೊಂಡೇ ಬಂದಿದ್ದರು. ನುಂಗಿ, ನೀರು ಕುಡಿದು, ‘ಛಲೋ ಆಗ್ಯಾವ್ರಿ. ಉಪ್ಪ ತುಸು ಕಡಿಮಿ’ ಎಂದರು. ಅವರು ತಿಂದ ಮೇಲೆ ನಾವು ತಿನ್ನದೆ ಹೇಗೆ? ಮಾಸ್ತರರೂ ತಿಂದರು, ನಾನೂ ತಿಂದೆ. ನನ್ನ ಅಂಟಿನ ರುಚಿ ಅಷ್ಟು ಕೆಟ್ಟದ್ದೆಂದು ಅವತ್ತೇ ಗೊತ್ತಾದದ್ದು.

ಎರಡನೆಯದು ಮಾತ್ರ ಬೀಗರಿಗೆ ಸೋಲಲಿಲ್ಲ. ಎಡದವಡೆಗೆ ಹಾಕಿದರು, ಬಲದವಡೆಗೆ ಹಾಕಿದರು, ಕೊನೆಗೆ ಹೊರಗೆ ತೆಗೆದು ತಾಟಿನ ಅಂಚಿಗಿಟ್ಟು, ‘ಇದೊಂದ ಜೋಡ ಹಪ್ಪಳ ಆಗೇತಿ ನೋಡ್ರಿ, ಒಂದಕ್ಕೊಂದ ಹತ್ತಿಕೊಂಡ ಬಿಟ್ಟೇತಿ. ಹಲ್ಲಿಗೆ ಬಗ್ಗವಲ್ಲದು’ ಎಂದರು, ತಮ್ಮ ಹಲ್ಲಿನದೇ ತಪ್ಪು ಎಂಬಂತೆ. ಮಾಸ್ತರರು ಬೀಗರ ಎಂಜಲು ತಾಟಿಗೆ ಕೈ ಹಾಕಿ ಅದನ್ನು ಎತ್ತಿಕೊಂಡು, ಊಟ ಬಿಟ್ಟು, ಅಂಗಳಕ್ಕೆ ಓಡಿ, ಬಿಸಿಲಿಗೆ ಹಿಡಿದು ನೋಡತೊಡಗಿದರು. ಸೊಸೆಯನ್ನು ಎಂಥವರ ಮನೆಯಿಂದ ತಂದೆವು ಎಂದು ಬೀಗರು ಯೋಚಿಸುತ್ತಿದ್ದುದು ಅವರ ಮುಖದ ಮೇಲೇ ಬರೆದಂತಿತ್ತು.

ಕರಿದಾಗ ಗುಳ್ಳೆ ಉಬ್ಬಿ ತೂತು ದೊಡ್ಡದಾಗಿದ್ದ ಒಂಟಿ ಬಿಲ್ಲೆಗಳನ್ನು ಬಿಸಿಲಿಗೆ ಹಿಡಿದರೆ ಎಲ್ಲಿಂದಲೋ ಒಂದು ಚುಕ್ಕೆ ಬೆಳಕು ಬರುತ್ತಿತ್ತು. ಜೋಡಿಯಿಂದ ಬರಲಿಲ್ಲ. ಬೀಗರು ಹೋದ ಮೇಲೆ ಮಾಸ್ತರರು ‘ಯಾಕ, ಯಾಕ’ ಎಂದು ಅಂಗಳದಲ್ಲಿ ತಿರುಗಾಡುತ್ತಿದ್ದರು. ವೈನಿ ಕಟ್ಟೆಯ ಮೇಲೆ ಕೂತು ಹಳೆಯ ಸೀರೆಗಳನ್ನು ಪದರು ಪದರು ಇಟ್ಟು ಕೌದಿ ಹೊಲಿಯುತ್ತಿದ್ದರು. ತಲೆ ಎತ್ತದೆ ಅಂದರು: ‘ಕೌದ್ಯಾಗಿನ ಅರಬಿ ಎಲ್ಲಾ ಹರಕ ಅದಾವು. ಥಂಡಿ ಒಳಗ ಬರತೈತೇನು? ಒಂದರ ತೂತಿನ ಮ್ಯಾಲ ಇನ್ನೊಂದರ ತೂತ ಕೂಡ್ರೂದಿಲ್ಲ. ಇಷ್ಟಕ್ಕ ಯಾಕ ಅಡ್ಡ್ಯಾಡಾಕತ್ತೀರಿ?’

ಮಾಸ್ತರರು ನಿಂತರು. ಎಡಮೀಸೆಯನ್ನು ಎಷ್ಟು ತಿರುವಿದರೆಂದರೆ ಅದು ಸಂಜೆಯವರೆಗೆ ಬಿಚ್ಚಿಕೊಳ್ಳಲಿಲ್ಲ. ನನಗಂತೂ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ ಗೊಂಬೆಗೆ ಬಿಳಿಯ ಲೇಪ ಒಂದೇ ಸಲ ದಪ್ಪಗೆ ಹಾಕುವುದಿಲ್ಲ, ಮೂರು ಸಲ ತೆಳ್ಳಗೆ ಹಾಕುತ್ತಾರೆ. ಇದು ನನಗೆ ಹೊಳೆಯಬೇಕಿತ್ತು. ಮರುದಿನದಿಂದ ಪೋಸ್ಟ್ ಕಾರ್ಡು ಬಿಟ್ಟು ಕ್ಯಾಲೆಂಡರಿನ ಹಾಳೆ ಹಿಡಿದೆವು. ಒಂದು ಪದರು ಉದ್ದಕ್ಕೆ ಎಳೆದು, ಅದು ಅರೆ ಒಣಗಿದ ಮೇಲೆ ಇನ್ನೊಂದನ್ನು ಅಡ್ಡಕ್ಕೆ, ಮೇಲೆ ಮತ್ತೊಂದನ್ನು ಉದ್ದಕ್ಕೆ. ಮೂರೂ ಸೇರಿ ಒಂದು ಕಾರ್ಡಿನಷ್ಟೇ ದಪ್ಪ. ಆರು ಬಿಲ್ಲೆ ಆವಿಗೆಗೆ ಹೋದವು. ಸಾಹೇಬರು ಬರುವ ಹಿಂದಿನ ದಿನ ಭರಮಪ್ಪ ಆವಿಗೆ ಬಿಚ್ಚಿದ. ಐದು ಒಡೆದಿದ್ದವು, ಒಂದು ನೆಟ್ಟಗಿತ್ತು.

ಆ ಒಂದಕ್ಕೆ ಮಸಿ ಬಿಟ್ಟು ನೋಡೋಣ ಎಂದೆ ನಾನು. ‘ಲಗ್ನದ ಹಿಂದಿನ ದಿವಸ ಮದುಮಗಳ ಮೈಮ್ಯಾಲ ಯಾರರ ಮಸಿ ಸುರೀತಾರೇನು?’ ಎಂದು ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡರು. ಅದರಲ್ಲಿ ತೂತಿತ್ತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಬಿಲ್ಲೆಯ ಎರಡೂ ಮೈಗೆ ತಂತಿ ಕೂಡಿಸಬೇಕಲ್ಲ. ಅದಕ್ಕೆ ಮಿಠಾಯಿ ಮೇಲೆ ಹಚ್ಚುವ ಬೆಳ್ಳಿಯ ವರಖು ತಂದು ಅಂಟಿಸಿದೆವು. ಕಬ್ಬಿಣದ ಕೊಳವೆಯ ಬಾಯಿಗೆ ಬಿಲ್ಲೆ ಕೂಡಿಸಿ, ಸುತ್ತ ಮಣ್ಣು ಮೆತ್ತಿ, ಕೆಳಗಿನಿಂದ ಇದ್ದಿಲ ಹೊಗೆ ಬಿಟ್ಟು, ಸುತ್ತ ಶಿಗಡಿ ಒಲೆಯ ಕೆಂಡ ಹಾಕಿದ್ದಾಯಿತು. ಜವಾನ ಯಮನಪ್ಪ ಗಾಳಿ ಹಾಕುತ್ತಿದ್ದ. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಕುರ್ಚಿಯಲ್ಲಿ, ಹೆಡ್ ಮಾಸ್ತರರು ಗ್ಯಾಲ್ವನೋಮೀಟರಿನ ಪಕ್ಕದಲ್ಲಿ, ನಾನು ಗೋಡೆಗೆ ಆತು. ಮಾಸ್ತರರು ಒಂದು ಕೈಯಲ್ಲಿ ಇಕ್ಕಳ ಹಿಡಿದಿದ್ದರು. ಇನ್ನೊಂದು ಕೈ ಮೇಜಿನ ಕೆಳಗಿತ್ತು.

ಬಿಲ್ಲೆ ಕೆಂಪಾಯಿತು. ಮುಳ್ಳು ಸೊನ್ನೆಯ ಮೇಲೆ ಕದಲದೆ ಇತ್ತು. ಆಮೇಲೆ ನಾನು ನೋಡುತ್ತಿದ್ದಂತೆಯೇ ಎರಡು ಗೆರೆ ಪಕ್ಕಕ್ಕೆ ಸರಿಯಿತು.

‘ಟೇಬಲ್ಲ ಅಲಗೇತಿ. ಮಾಸ್ತರ, ನಿಮ್ಮ ಎಡಗೈ ಎಲ್ಲೈತ್ರಿ?’ ಎಂದರು ಹೆಡ್ ಮಾಸ್ತರರು.

ಮಾಸ್ತರರ ಕೈ ಮೇಜಿನ ಕೆಳಗೇ ಇತ್ತು. ಮುಚ್ಚಿಡುವುದೇನು, ನನಗೂ ಅನುಮಾನ ಬಂತು. ಮೀಸೆ ಉಳಿಸಿಕೊಳ್ಳಲು ಮುದುಕ ಮೇಜು ಅಲುಗಿಸಿದನೇ ಎಂದು ಒಂದು ಕ್ಷಣ ಅನ್ನಿಸಿತು. ಹಾಗಾಗಿದ್ದರೆ ಎಲ್ಲರ ಎದುರಿಗೆ ಮಾನ ಹೋಗುತ್ತದೆ, ಹೇಗಾದರೂ ಮಾಡಿ ಉಳಿಸಬೇಕು. ಬಾಯಿ ತಾನಾಗಿ ಆಡಿತು: ‘ನನ್ನ ಮಣಕಾಲ ಬಡೀತ್ರಿ, ಸರ್.’

ನನ್ನ ಮೊಣಕಾಲು ಮೇಜಿನಿಂದ ಎರಡು ಮೊಳ ದೂರ ಇತ್ತು. ಇದನ್ನು ಮಾಸ್ತರರು ನೋಡಿದರು. ಕೈಯನ್ನು ಮೇಜಿನ ಕೆಳಗಿನಿಂದ ನಿಧಾನವಾಗಿ ತೆಗೆದರು. ಅದರಲ್ಲಿ ಇದ್ದಿಲ ಹೊಗೆಯ ರಬ್ಬರಿನ ನಳಿಗೆಯನ್ನು ಮಡಿಕೆ ಬೀಳದಂತೆ ಹಿಡಿದುಕೊಂಡಿದ್ದರು. ಮುಳ್ಳು ಇನ್ನೂ ಅಲ್ಲೇ ನಿಂತಿದೆಯೇ, ವಾಪಸು ಬಂತೇ ಎಂದು ಯಾರೂ ನೋಡಲಿಲ್ಲ. ಎಲ್ಲರೂ ನನ್ನ ಮೊಣಕಾಲು ನೋಡುತ್ತಿದ್ದರು. ಸಾಹೇಬರು ಒಳ್ಳೆಯವರು, ‘ಹಂಗಾರ ಇನ್ನೊಮ್ಮೆ ಮಾಡ್ರಿ’ ಎಂದರು. ಆದರೆ ಪ್ರಯೋಗ ಮುಗಿದ ಕೂಡಲೆ ಬೆಂಕಿ ಆರಿಸಬೇಕೆಂದು ಯಮನಪ್ಪನಿಗೆ ಹೆಡ್ ಮಾಸ್ತರರ ಕಟ್ಟಪ್ಪಣೆ ಇತ್ತು. ಎಲ್ಲರೂ ಮಾತಿಗೆ ಶುರುಮಾಡಿದ್ದು ಕಂಡು ಅವನು, ಮುಗಿಯಿತೆಂದು ತಿಳಿದು, ಒಂದು ಕೊಡ ನೀರನ್ನು ಶಿಗಡಿಗೆ ಸುರಿದ. ಟಕ್ ಎಂದಿತು. ಬಿಲ್ಲೆ ಎರಡು ಹೋಳಾಯಿತು.

ಮಾಸ್ತರರು ನನ್ನ ಕಡೆ ತಿರುಗಿದರು. ಎಡಮೀಸೆಯನ್ನೂ ಬಲಮೀಸೆಯನ್ನೂ ಒಟ್ಟಿಗೇ ಹಿಡಿದು ತಿರುವಿದರು. ಮೂವತ್ತು ವರ್ಷದಲ್ಲಿ ಯಾವ ಹುಡುಗನೂ ಅಂಥದ್ದನ್ನು ನೋಡಿರಲಿಲ್ಲ.

ಮರುದಿನ ಮೀಸೆಯಿ‌ಲ್ಲದೆ ಶಾಲೆಗೆ ಬಂದರು. ಮೇಜು ಅಲುಗಿತೆಂದು ನಾನೇ ಹೇಳಿದ ಮೇಲೆ ಪಂಥ ಸೋತಂತೆಯೇ ಅಲ್ಲವೇ. ಬಾಗಿಲಲ್ಲಿ ಯಮನಪ್ಪ, ‘ಯಾರ ಬೇಕಾಗಿತ್ರಿ?’ ಎಂದು ತಡೆದ. ಎಂಟನೆಯ ತರಗತಿಯ ಹುಡುಗರು ಹೊಸ ಮಾಸ್ತರ ಬಂದರೆಂದು ಎದ್ದು ನಮಸ್ಕಾರ ಹೇಳಿದರು. ಪಾಪ, ಆ ವರ್ಷ ಬಹಳ ಹುಡುಗರು ಸೈನ್ಸಿನಲ್ಲಿ ನಪಾಸಾಗಿ ಕೂತರು. ಉತ್ತರ ಸರಿಯೋ ತಪ್ಪೋ ತಿಳಿಯಲು ನೋಡುವುದೇನನ್ನು? ನಾನು ಮುಖ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಒಂದು ದಿನ ಖೋಲಿಯಲ್ಲಿ ಸಿಕ್ಕಿಬಿದ್ದೆ. ಅವರು ಬೋಳು ತುಟಿಯ ಮೇಲೆ ಕೈಯಾಡಿಸುತ್ತಾ ಬಹಳ ಮರ್ಯಾದೆಯಿಂದ ಕೇಳಿದರು: ‘ಮಣಕಾಲ ಹೆಂಗೈತಿ, ತಮ್ಮಾ?’

‘ಆರಾಮ ಐತ್ರಿ’ ಎಂದೆ. ಆಮೇಲೆ ಅವರು ರಿಟಾಯರಾಗಿ ತಮ್ಮೂರು ಹುಕ್ಕೇರಿಗೆ ಹೋದರು. ಕಾರ್ಡು ಬಂದಾಗಲೆಲ್ಲ ನಾನೂ ‘ಮೊಣಕಾಲು ಆರಾಮವಾಗಿದೆ’ ಎಂದೇ ಬರೆದೆ. ನಾನು ಹೇಳಿದ್ದು ಸುಳ್ಳು ಎಂದು ಬರೆದರೆ, ನಿಮ್ಮ ಮೇಲೆ ಅನುಮಾನ ಪಟ್ಟಿದ್ದೆ ಎಂದೂ ಬರೆಯಬೇಕಾಗುತ್ತಿತ್ತು. ಅದಕ್ಕೆ ಧೈರ್ಯ ಬರಲಿಲ್ಲ. ಟಪಾಲಿನವನು ಬೇರೆ ಓದುತ್ತಿದ್ದ.

ಹೋದ ವಾರ ಹುಕ್ಕೇರಿಗೆ ಹೋಗಿ ವೈನಿಯನ್ನು ಕಂಡು ಬಂದೆ. ಪಡಸಾಲೆಯಲ್ಲಿ ಅವರ ಲಗ್ನದ ಫೋಟೊ, ಮೀಸೆ ಸಮೇತ. ಇವತ್ತಿಗೂ ಗಾಜಿಲ್ಲ. ‘ಹಾಕಸಬೇಕಂದ್ರ ಅವರ ಬ್ಯಾಡ ಅಂದ್ರು, ಮತ್ತ ಬೇಕಾಗತೈತಿ ಅಂತಿದ್ರು’ ಎಂದು ವೈನಿ ಹೇಳಿದರು. ಮೀಸೆಯನ್ನು ಮಾತ್ರ ಕೊನೆಯವರೆಗೂ ಮತ್ತೆ ಬೆಳೆಸಲಿಲ್ಲವಂತೆ. ಆಮೇಲೆ ಒಳಗೆ ಹೋಗಿ ನಶ್ಯದ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಅರಳೆಯಲ್ಲಿ ಸುತ್ತಿದ ಎರಡು ಹೋಳು. ವರಖು ಉದುರಿ ಮೈ ಬೆಳ್ಳಗಿತ್ತು. ಮಸಿಯ ಗುರುತು ಎಲ್ಲೂ ಇರಲಿಲ್ಲ.

‘ಇಷ್ಟ ವರ್ಷ ಮಸಿ ಬಿಟ್ಟ ನೋಡಲಿಲ್ಲೇನ್ರಿ?’

‘ಅಂಜತಿದ್ರು. ತೂತ ಇದ್ರ ಏನ ಮಾಡ್ಲಿ ಅಂತಿದ್ರು. ಮುಳ್ಳ ಸರಿದದ್ದ ನಾ ಕಂಡೇನಿ, ಖರೆ, ನಾನ ಸುಳ್ಳ ಕಂಡೇನೇನು ಅಂತ ಒಮ್ಮೊಮ್ಮೆ ಎದ್ದ ಕೂಡ್ರತಿದ್ರು.’ ವೈನಿ ಮಸಿ ದೌತಿಯನ್ನು ನನ್ನ ಕಡೆ ಸರಿಸಿದರು. ‘ತಮ್ಮ ಬಂದಾಗ ಅವನ ಕೈಲೆ ಹಾಕಸು ಅಂದಾರ.’

ಎರಡೂ ಹೋಳುಗಳ ಮೇಲೆ ಒಂದೊಂದು ಹನಿ ಮಸಿ ಬಿಟ್ಟೆ. ವೈನಿ ಚಹಾಕ್ಕೆ ಇಡಲು ಒಳಗೆ ಹೋದರು. ನಾನು ಹನಿಗಳನ್ನೇ ನೋಡುತ್ತಾ ಕೂತೆ. ಅವು ಕೆಸುವಿನ ಎಲೆಯ ಮೇಲಿನ ನೀರಿನಂತೆ ಹಾಗೇ ನಿಂತಿದ್ದವು. ಒಳಗಿನಿಂದ ಚಹಾದ ವಾಸನೆ ಬಂದ ಮೇಲೆ ಮಸಿ ಒರೆಸಿ ಮೊದಲನೆಯದನ್ನು ಮಗುಚಿದೆ. ಬೆಳ್ಳಗಿತ್ತು. ಎರಡನೆಯದನ್ನು ಮಗುಚಿದೆ. ಅದೂ ಬೆಳ್ಳಗಿತ್ತು.

ಬೀಗರ ನಡುವಿನ ಹಿರಿಯ ಬೈಗುಳ ದಾಟಿಸಿರಲಿಲ್ಲ. ಮೇಜೂ ಅಲುಗಿರಲಿಲ್ಲ, ಮುದುಕನ ಕೈಯೂ ಅಲುಗಿರಲಿಲ್ಲ. ಮುಳ್ಳು ಎರಡು ಗೆರೆ ಸರಿದದ್ದು ಖರೆ. ಅವರು ಕಂಡದ್ದನ್ನು ಅವರು ಹೇಳಬಹುದಿತ್ತು, ನಡುವೆ ನಾನು ಬಾಯಿ ಹಾಕಿದೆ. ಗಾಜಿಲ್ಲದ ಫೋಟೊದ ಮುಂದೆ ಹೋಗಿ ನಿಂತು, ಮೆಲ್ಲಗೆ, ‘ಮಾಸ್ತರ, ಮಣಕಾಲ ಬಡದಿರಲಿಲ್ರಿ’ ಎಂದೆ.

ಅಡುಗೆಮನೆಯಿಂದ ವೈನಿಯ ದನಿ ಬಂತು: ‘ತುಸು ಜೋರ ಹೇಳ್ರಿ. ಏಳ ವರ್ಷ ಕೇಳ್ಯಾರ.’

ನಾನು ಜೋರಾಗಿ ಹೇಳಿದೆ.